ಕಿವುಡು ನಾಯಿಗೆ ಬಂದ ಕರೆ

ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಸುಮ್ಮನೆ ಕೂರುವುದಿಲ್ಲ. ಕಂಚುಗಾರರು ಬೆಳಗ್ಗೆಯೇ ಬಡಿದು ಮುಗಿಸಿದ ತಪ್ಪಲೆಯನ್ನು ಮತ್ತೆ ಎತ್ತಿಕೊಂಡು ಬಡಿಯುತ್ತಾರೆ. ಮನೆಮನೆಯಲ್ಲೂ ರೇಡಿಯೋ ಕಿರುಚುತ್ತದೆ. ಭಜನೆಯವರಿಗೆ ರಾಗ ತಾಳ ಇಲ್ಲದಿದ್ದರೂ ನಡೆಯುತ್ತದೆ, ಗಂಟಲು ದೊಡ್ಡದಿದ್ದರೆ ಸಾಕು. ನಾನು ಹಿಟ್ಟಿನ ಗಿರಣಿ ಓಡಿಸುತ್ತೇನೆ. ನಮ್ಮ ಬೀದಿಯವರೆಲ್ಲ ರಾಗಿ, ಜೋಳ, ಅಕ್ಕಿಯ ಡಬ್ಬ ಹೊತ್ತುಕೊಂಡು ಸರಿಯಾಗಿ ಆ ಹೊತ್ತಿಗೇ ನನ್ನಲ್ಲಿಗೆ ಬಂದು, ಹಿಟ್ಟು ಬೀಸಿ ಆದ ಮೇಲೂ ಹಾಗೇ ಕೂತಿರುತ್ತಾರೆ. ಬೀಸುವುದಕ್ಕೆ ಏನೂ ಬರದ ದಿನ ಹಿಡಿ ಹೊಟ್ಟನ್ನಾದರೂ ಸುರಿದು ಕಲ್ಲು ತಿರುಗಿಸುತ್ತೇನೆ. ನನ್ನ ಗಿರಣಿ ನಿಂತರೆ ಕೆರೆಯಾಚೆಯ ದನಿಗಳು ಬೀದಿಗೆಲ್ಲ ಕೇಳುತ್ತವೆ.

ಅವು ನಮ್ಮೂರ ಸತ್ತವರ ದನಿಗಳು. ಅವರು ನಮ್ಮನ್ನು ಕರೆದಿದ್ದರೆ ಒಂದು ಥರ ಸಮಾಧಾನವಾದರೂ ಇರುತ್ತಿತ್ತು. ಅವರು ಕರೆಯುವುದು ತಮ್ಮ ತಮ್ಮ ನಾಯಿಗಳನ್ನು. ಹೆಂಡತಿ ಬೇಡ, ಮಕ್ಕಳು ಬೇಡ, ನಾಯಿ ಬೇಕು. ಪಕ್ಕದ ಮನೆಯ ದೊಡ್ಡತಾಯಮ್ಮ ಈ ವಿಷಯ ಬಂದಾಗಲೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರು ಮಾಡುತ್ತಾಳೆ. "ನಲ್ವತ್ತು ವರ್ಸ ಬೇಯ್ಸಿ ಹಾಕ್ದೋಳು ನಾನು ಕಣೇ ಚೆನ್ನಾಜಿ. ತಟ್ಟೇಲಿ ಉಳ್ದ ಮುದ್ದೆ ಎಸ್ದಿದ್ದಕ್ಕೆ ಆ ನಾಯಿ ಮೇಲೆ ಪಿರೂತಿ! ಈ ಗಂಡಸರ ಬುದ್ಧಿ ಸತ್ರೂ ಹೋಗಕಿಲ್ಲ." ಹಾಗೆನ್ನುತ್ತಲೇ ಗಂಡನ ನಾಯಿಯನ್ನು ಕಬ್ಬಿಣದ ಸರಪಳಿಯಲ್ಲಿ ಕಟ್ಟಿ ಒಳಕೋಣೆಗೆ ತಳ್ಳುತ್ತಾಳೆ. ಕಟ್ಟದಿದ್ದರೆ ಅದು ಹೋಗಿಬಿಡುತ್ತದೆ. ಕರೆ ಕೇಳಿ ಕೆರೆಯ ಏರಿ ದಾಟಿದ ನಾಯಿ ತಿರುಗಿ ಬಂದದ್ದಿಲ್ಲ. ಅದು ಹೋದ ದಿನದಿಂದ ಆಚೆಯ ಆ ದನಿಯೂ ನಿಂತುಹೋಗುತ್ತದೆ.

ನನ್ನದು ಹಾಗೇ ಆಯಿತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ನಾಯಿ ಸೇಟು ನನಗೆ ಉಳಿದಿತ್ತು. ಹೆಸರಿಗೆ ತಕ್ಕ ಹಾಗೆ ದಿಂಬಿಲ್ಲದೆ ಮಲಗುತ್ತಿರಲಿಲ್ಲ. ಒಂದು ಸಂಜೆ ಗಿರಣಿಯ ಬೆಲ್ಟು ಹರಿದು ಕಲ್ಲು ನಿಂತಿತು. ಆ ನಿಶ್ಶಬ್ದದಲ್ಲಿ ಕೆರೆಯ ಮೇಲಿಂದ ತೇಲಿಕೊಂಡು ಬಂತು, "ಸೇಟೂ... ಬಾರೋ ಸೇಟೂ..." ಬೇರೆ ಯಾರ ದನಿಯೂ ಅಲ್ಲ. ಊಟಕ್ಕೆ ಕೂರುವ ಮುಂಚೆ ಹಿತ್ತಲಿಗೆ ಹೋಗಿ ಕರೆಯುತ್ತಿದ್ದ ಅದೇ ರಾಗ. ಸೇಟು ನನ್ನ ಕಾಲ ಸಂದಿಯಿಂದ ನುಗ್ಗಿ ಹೊರಟಿತು. ನಾನು ಏರಿಯ ತನಕ ಓಡಿದೆ. "ನಾನೂ ಬರ್ಲಾ?" ಎಂದು ನಾಚಿಕೆ ಬಿಟ್ಟು ಕೂಗಿದೆ. ಆ ಕಡೆಯಿಂದ ಉಸಿರೂ ಬರಲಿಲ್ಲ. ಅವತ್ತು ಗಂಡನ ಮೇಲೆ ಬಂದಷ್ಟು ಸಿಟ್ಟು ಅವರು ಬದುಕಿದ್ದಾಗಲೂ ನನಗೆ ಬಂದಿರಲಿಲ್ಲ.

ಒಂಟಿ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು? ಬಂದ ಗಿರಾಕಿ ಹೋದ ಮೇಲೆ ಹಿಟ್ಟಿನ ಧೂಳು ಮತ್ತು ನಾನು, ಇಬ್ಬರೇ. ಕೊನೆಗೆ ನಾಯಿಮನೆಗೆ ಹೋದೆ. ಊರಾಚೆಯ ಹಳೇ ಬೆಲ್ಲದ ಉಗ್ರಾಣವನ್ನೇ ನಾಯಿಮನೆ ಮಾಡಿದ್ದಾರೆ. ಯಜಮಾನ ಸತ್ತು ದಿಕ್ಕಿಲ್ಲದ ನಾಯಿಗಳೆಲ್ಲ ಅಲ್ಲಿಗೇ. ನೋಡಿಕೊಳ್ಳುವವನು ಮರಿಸ್ವಾಮಿ. ಅಲ್ಲಿಂದ ನಾಯಿ ತರುವವರು ಅದರ ಹಳೇ ಹೆಸರು, ಹಳೇ ಮನೆ ಕೇಳುವ ಹಾಗಿಲ್ಲ, ಅವನೂ ಹೇಳುವ ಹಾಗಿಲ್ಲ. ಹೊಸ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿ ಹೊಸ ಹೆಸರಿಟ್ಟು ಕರೆಯಬೇಕು. ಹೊಸ ಹೆಸರು ಹತ್ತಿದರೆ ಹಳೆಯದನ್ನು ಆಚೆಯಿಂದ ಎಷ್ಟು ಕೂಗಿದರೂ ನಾಯಿ ಕಿವಿ ಕೊಡುವುದಿಲ್ಲ. ಎಳೆಯ ನಾಯಿಗಳು ಹೀಗೆ ಬಂದು ಹಾಗೆ ಹೋಗುತ್ತವೆ. ವಯಸ್ಸಾದವುಗಳನ್ನು ಯಾರೂ ಮುಟ್ಟುವುದಿಲ್ಲ. ಅವುಗಳ ಹೆಸರು ಎಲುಬಿಗೆ ಇಳಿದಿರುತ್ತದೆ ಅನ್ನುತ್ತಾರೆ.

"ನನಗೆ ಕಿವಿ ಕೇಳದ ನಾಯಿ ಬೇಕು ಕಣಪ್ಪ," ಎಂದೆ.

ಮರಿಸ್ವಾಮಿ ಗಂಜಿಯ ಸೌಟು ಹಿಡಿದುಕೊಂಡೇ ನಕ್ಕ. "ಎಲ್ರೂ ಚುರುಕಾಗಿರೋದು ಕೊಡು, ಕಾವಲಿಗೆ ಆಗೋದು ಕೊಡು ಅಂತಾರೆ. ಕಿವುಡು ಕೇಳ್ದೋರು ನೀವೇ ಮೊದ್ಲು ಕಣವ್ವ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಸೇಟು ಹೋದದ್ದು ಅವನಿಗೆ ಗೊತ್ತಿತ್ತು. ಗೋಡೆಯ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದ. ತವುಡಿನ ಬಣ್ಣದ ಒಂದು ಮುದಿ ಹೆಣ್ಣು ನಾಯಿ. ಮೂತಿಯೆಲ್ಲ ನರೆತಿತ್ತು. ಹಿಂಗಾಲು ಏಳುವಾಗ ನಡುಗುತ್ತಿದ್ದವು. ಸುತ್ತ ಉಳಿದ ನಾಯಿಗಳು ಬೊಗಳಿ ರಂಪ ಮಾಡುತ್ತಿದ್ದರೂ ಅದು ಗದ್ದವನ್ನು ನೆಲಕ್ಕೆ ಒತ್ತಿಕೊಂಡು ಮಲಗಿತ್ತು. "ಹುಟ್ಟಾ ಕಿವುಡು. ಇದನ್ನ ಇಷ್ಟು ವರ್ಸದಲ್ಲಿ ಆಚೆಯಿಂದ ಯಾರೂ ಕರ್ದೇ ಇಲ್ಲ. ಹೊತ್ತಾದಾಗ ತಗಡು ಬಡೀತೀನಿ, ಆದ್ರೂ ಯಾವ್ಯಾವ ಹೆಸ್ರು ಬತ್ತದೆ ಅಂತ ನಂಗೊತ್ತು. ಇದ್ರ ಹೆಸ್ರು ಬಂದಿಲ್ಲ. ಕರೆಯೋರು ಇಲ್ಲ, ಕರೆದ್ರೂ ಕೇಳಕಿಲ್ಲ. ನಿಮಗೆ ಹೇಳಿ ಮಾಡ್ಸಿದ್ದು."

ಹೊಸ್ತಿಲಲ್ಲಿ ನಿಲ್ಲಿಸಿಕೊಂಡು "ತವುಡಿ, ತವುಡಿ, ತವುಡಿ" ಎಂದು ಕರೆದಾಗ ದೊಡ್ಡತಾಯಮ್ಮ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕಳು. "ಕಿವುಡಿಗೆ ನಾಮಕರಣ! ಇನ್ನ ತೊಟ್ಲಿಗೆ ಹಾಕಿ ಜೋಗುಳ ಹೇಳು." ನಕ್ಕರೆ ನಗಲಿ. ನನ್ನ ಎದೆಯ ಭಾರ ಇಳಿದಿತ್ತು. ಇದನ್ನು ಯಾರೂ ನನ್ನಿಂದ ಕರೆದುಕೊಂಡು ಹೋಗುವುದಿಲ್ಲ. ಮುದಿಯಾದರೇನು, ಇರುವಷ್ಟು ದಿನ ನನ್ನದು. ಸತ್ತರೂ ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ ಸಾಯುತ್ತದೆ. ಅಷ್ಟೇ ನಾನು ಬೇಡಿದ್ದು.

ತವುಡಿ ಬಹಳ ಮರ್ಯಾದಸ್ಥ ನಾಯಿ. ರಾಗಿ ಅಂಬಲಿಯನ್ನು ಒಂದು ಹನಿ ಚೆಲ್ಲದೆ ಕುಡಿಯುತ್ತಿತ್ತು. ಹಿತ್ತಲ ಬಾಗಿಲ ಹತ್ತಿರ, ಮೋಟಾರಿನ ಪಕ್ಕದ ಕಲ್ಲುಚಪ್ಪಡಿಯೇ ಅದರ ಜಾಗ. ನಾನು ಗೋಣಿಚೀಲ ಹಾಸಿಕೊಟ್ಟರೆ ಅದನ್ನು ಬಾಯಲ್ಲಿ ಎಳೆದು ಪಕ್ಕಕ್ಕಿಟ್ಟು ಬರಿಕಲ್ಲಿನ ಮೇಲೆ ಮಲಗುತ್ತಿತ್ತು. ಕರೆಯುವುದು ಹೇಗೆ ಎಂಬುದೇ ಮೊದಮೊದಲು ಪೇಚಾಟವಾಗಿತ್ತು. ಒಂದು ದಿನ ಜೋಳದ ಮೂಟೆ ಕೈಜಾರಿ ಧೊಪ್ಪೆಂದು ಬಿದ್ದಾಗ ಅದು ಥಟ್ಟನೆ ತಲೆಯೆತ್ತಿತು. ಆಮೇಲೆ ನಾನು ಬರಿಗಾಲಿನ ಹಿಮ್ಮಡಿಯಿಂದ ನೆಲವನ್ನು ಗುದ್ದಿ ನೋಡಿದೆ. ಎದ್ದು ಕುಂಟುತ್ತ ಬಂದು ನನ್ನ ಮೊಣಕಾಲಿಗೆ ಮೂತಿ ಒರಸಿತು. ಅಯ್ಯೋ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಹೀಗೆ ಕಾಲು ಗುದ್ದಿದರೆ ಬರಬೇಕೆಂದು ಅದಕ್ಕೆ ಮೊದಲೇ ಯಾರೋ ಕಲಿಸಿರಬಹುದು ಎಂಬ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಿತ್ತಲ ಬಾಗಿಲು ಕೆರೆಯ ಕಡೆಗಿದೆ. ಗಿರಾಕಿಗಳು ಮುಂದಿನಿಂದ ಬರುತ್ತಾರೆ, ಆ ಕಡೆ ಯಾರೂ ಓಡಾಡುವುದಿಲ್ಲ. ಗಿರಣಿ ಓಡುವಾಗ ಬಾಗಿಲ ಮೇಲಿನ ಗವಾಕ್ಷಿಯಿಂದ ಹಿಟ್ಟಿನ ಧೂಳು ಹೊರಗೆ ಹೋಗಿ ಹಿತ್ತಲ ಮೆಟ್ಟಿಲ ಮೇಲೆ ನಯವಾಗಿ ಕೂರುತ್ತದೆ. ಒಂದು ಬೆಳಗ್ಗೆ ಗುಡಿಸಲು ಹೋದವಳು ಪೊರಕೆ ಹಿಡಿದು ನಿಂತೆ. ಮೆಟ್ಟಿಲ ಮೇಲೆ ಎರಡು ಪಾದದ ಗುರುತು. ಬರಿಗಾಲು. ನನ್ನ ಅಂಗೈಯಷ್ಟೂ ಇಲ್ಲ. ಯಾರ ಮನೆ ಕೂಸೋ ಆಡಲು ಬಂದಿರಬೇಕು ಎಂದುಕೊಂಡು ಗುಡಿಸಿದೆ. ಮರುದಿನವೂ ಇತ್ತು. ಅದರ ಮರುದಿನವೂ ಅದೇ ಜಾಗ, ಬಾಗಿಲಿಗೆ ಎದುರಾಗಿ. ಎಡಪಾದ ಹಗುರ, ಬಲಪಾದದ ಹಿಮ್ಮಡಿ ಮಾತ್ರ ಹಿಟ್ಟನ್ನು ಅಗಲಕ್ಕೆ ಚೆದುರಿಸಿ ಕಲ್ಲಿನವರೆಗೂ ಊರಿತ್ತು. ಹೆಜ್ಜೆಯೊಳಗಿನ ಹಿಟ್ಟು ಒದ್ದೆಯಾಗಿ, ಕಲಸಿಟ್ಟ ಹಾಗೆ ಮುದ್ದೆಗಟ್ಟಿತ್ತು. ಬೆರಳಲ್ಲಿ ಮುಟ್ಟಿ ಮೂಸಿದೆ. ಕೆರೆಯ ಪಾಚಿಯ ವಾಸನೆ ಬಂತು.

ದೊಡ್ಡತಾಯಮ್ಮನನ್ನು ಕರೆದು ತೋರಿಸಿದೆ. ಸದಾ ಬಾಯಿ ಮಾಡುವವಳು ಅವತ್ತು ದನಿ ತಗ್ಗಿಸಿದಳು. ಅಕ್ಕಪಕ್ಕ ನೋಡಿ, "ಕಲ್ಲು ತೊಳ್ದುಬುಡು. ಸಾಯಂಕಾಲ ಗಿರಣಿ ಒಂದೀಟು ಜಾಸ್ತಿ ಹೊತ್ತು ಓಡ್ಸು," ಎಂದಷ್ಟೇ ಹೇಳಿ ಹೋದಳು.

ಆ ವಾರವೇ ಕರೆಂಟು ಹೋಯಿತು. ಹೋಗುವುದು ಹೋಯಿತು, ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ಹೋಗಬೇಕೆ? ಕಲ್ಲು ಗರಗರ ಎಂದು ನಿಧಾನವಾಗಿ ನಿಂತಿತು. ಗಿರಾಕಿಗಳು ಡಬ್ಬ ಅಲ್ಲೇ ಬಿಟ್ಟು ಕಿವಿ ಮುಚ್ಚಿಕೊಂಡು ಮನೆಗೆ ಓಡಿದರು. ಕೆರೆಯಾಚೆಯಿಂದ ಒಂದೊಂದೇ ದನಿ ಏಳತೊಡಗಿತು. ಯಾರದೋ ಮುದುಕಿಯ ದನಿ, ಯಾವುದೋ ಗಂಡಸಿನ ಸಿಳ್ಳು. ನಮ್ಮ ಯಜಮಾನರದು ಇರಲಿಲ್ಲ. ಅವರಿಗೆ ಅವರ ಸೇಟು ಸಿಕ್ಕಾಗಿದೆಯಲ್ಲ. ನಾನು ತವುಡಿಯ ಕಡೆ ತಿರುಗಿದೆ. ಇದಕ್ಕೆ ಕೇಳುವುದಿಲ್ಲ, ಹೆದರಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದಾಗ ನನ್ನ ಅಂಗಾಲಿಗೆ ತಿಳಿಯಿತು. ಧಪ್. ಕಲ್ಲುಚಪ್ಪಡಿ ಒಂದಿಷ್ಟೇ ಅದುರಿತು. ಸ್ವಲ್ಪ ತಡೆದು ಮತ್ತೆ, ಧಪ್. ಹಿತ್ತಲ ಬಾಗಿಲಿನ ಆಚೆ, ಮೆಟ್ಟಿಲ ಮೇಲೆ.

ತವುಡಿ ಎದ್ದು ನಿಂತಿತು. ಏಳಲು ದಿನಾ ಅಷ್ಟು ಒದ್ದಾಡುವ ನಾಯಿ ಮರಿಯ ಹಾಗೆ ಎದ್ದಿತು. ಬಾಲ ಒಂದೇ ಸಮ ಬೀಸತೊಡಗಿತು. ನನ್ನ ಮನೆಗೆ ಬಂದ ಮೇಲೆ ಅದು ಬಾಲ ಬೀಸಿದ್ದೇ ನಾನು ಕಂಡಿರಲಿಲ್ಲ. ಅದು ನನಗೆ ಹೊಳೆದದ್ದೂ ಅವಾಗಲೇ. ಬಾಗಿಲಿಗೆ ಹೋಗಿ ಉಗುರಿನಿಂದ ಕೆರೆಯಿತು. ನಾನು ಅಗುಳಿ ಹಾಕಿ, ಅದನ್ನು ತಬ್ಬಿಕೊಂಡು ನೆಲಕ್ಕೆ ಕೂತುಬಿಟ್ಟೆ. ಅದರ ಎದೆ ನನ್ನ ತೋಳಿನೊಳಗೆ ಡವಡವ ಹೊಡೆದುಕೊಳ್ಳುತ್ತಿತ್ತು, ನನ್ನದು ಅದಕ್ಕಿಂತ ಜೋರಾಗಿ. ಬಾಗಿಲ ಕೆಳಗಿನ ಸಂದಿಯಿಂದ ತಣ್ಣಗಿನ ಗಾಳಿ ಬಂತು. ಧಪ್. ಕರೆಂಟು ಬಂದು ಕಲ್ಲು ಮತ್ತೆ ತಿರುಗುವವರೆಗೂ ನಾನು ಕಣ್ಣು ಬಿಡಲಿಲ್ಲ. ಕಲ್ಲು ತಿರುಗಿದ್ದೇ ನೆಲವೆಲ್ಲ ನಡುಗಿ, ಆ ಗುದ್ದು ಅದರಲ್ಲಿ ಕಳೆದುಹೋಯಿತು. ತವುಡಿ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ ಮತ್ತೆ ಕಲ್ಲಿಗೆ ಗದ್ದ ಒತ್ತಿಕೊಂಡು ಮಲಗಿತು.

ಮರುದಿನ ಮರಿಸ್ವಾಮಿಯ ಮುಂದೆ ಹೋಗಿ ನಿಂತೆ. "ಪದ್ಧತಿ ಹಾಳಾಗ್ಲಿ. ಯಾರ ನಾಯಿ ಅದು, ಹೇಳು." ಅವನು ಮೊದಲು ತಲೆಯಾಡಿಸಿದ. ಪಾದದ ವಿಷಯ ಹೇಳಿದ ಮೇಲೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕೂತ.

"ಬಳೆ ಮಾರೋರ ಮಗಳದ್ದು ಕಣವ್ವ. ಕಮಲಿ ಅಂತ. ಮರಿಯಾಗಿದ್ದಾಗ್ಲೇ ಕಿವುಡು ಅಂತ ಯಾರೋ ಬೇಲೀಗೆ ಎಸ್ದಿದ್ರು, ಆ ಮಗು ಎತ್ಕೊಂಬಂತು. ಹೆಂಗೆ ಕರೀತಿತ್ತು ಗೊತ್ತಾ, ಹಿಂಗೆ," ಎಂದು ಹಿಮ್ಮಡಿಯನ್ನು ನೆಲಕ್ಕೆ ಗುದ್ದಿ ತೋರಿಸಿದ. "ಜ್ವರ ಬಂದು ಹೋಗ್ಬುಡ್ತು. ಅಪ್ಪ ಅವ್ವ ಇಬ್ರೂ ದಿನಾ ಹೊತ್ತು ಮುಳುಗೋವಾಗ ನಾಯೀನ ಮನೇಲಿ ಕಟ್ಟಾಕಿ ಏರಿ ಮೇಲೆ ಕೂತು ಕಾದ್ರು, ನಾಯಿ ಕರೆಯೋ ನೆಪದಲ್ಲಾದ್ರೂ ಮಗೀನ ದನಿ ಕೇಳಾದು ಅಂತ. ಒಂದಿನಾನೂ ಕೇಳ್ನಿಲ್ಲ. ಮಗು ಎಲ್ಲಾ ಮರ್ತ್ಬುಡ್ತು ಅಂತ ನೊಂದ್ಕೊಂಡು, ನಾಯೀನ ಇಲ್ಲಿ ಬುಟ್ಟು, ಊರೇ ಬುಟ್ಟೋದ್ರು."

ಅಷ್ಟು ಹೇಳಿ ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ದನಿಯಿಂದ ಕರೆಯುವವರಿಗೆ ಕೆರೆಯಾಚೆ ನಿಂತರೂ ಸಾಕು. ಕಾಲಿನಿಂದ ಕರೆಯಬೇಕಾದ ಕೂಸು ಕೆರೆ ದಾಟಿ ಬಾಗಿಲಿಗೇ ಬರಬೇಕಲ್ಲ. "ಅಂದ್ರೆ... ಇಷ್ಟು ವರ್ಸ ನನ್ ಬಾಗ್ಲಲ್ಲೂ ನಿಂತಿತ್ತಾ? ನಾನು ತಗಡು ಬಡೀತಿದ್ನಲ್ಲವ್ವಾ!" ಎಂದು ಮರಿಸ್ವಾಮಿ ಟವಲಿನಿಂದ ಮುಖ ಮುಚ್ಚಿಕೊಂಡ.

ಇಷ್ಟು ಕೇಳಿದ ಮೇಲೂ ನಾನು ತಕ್ಷಣ ಒಳ್ಳೆಯವಳಾಗಿಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ? ನನಗೆ ಆ ಮಗುವಿನ ಮೇಲೆ ಕೋಪ ಬಂತು. ಅವತ್ತಿನಿಂದ ಹೊತ್ತು ಮುಳುಗುವ ಮೊದಲೇ ಗಿರಣಿ ಶುರು ಮಾಡಿ ಊಟದ ಹೊತ್ತಿನ ತನಕ ಓಡಿಸಿದೆ. ಬೀದಿಯವರಿಗೆ ಖುಷಿಯೋ ಖುಷಿ. ಒಂದು ಸಂಜೆ ಕಲ್ಲು ತಿರುಗುತ್ತಿರುವಾಗಲೇ ಹಿತ್ತಲ ಬಾಗಿಲಿಗೆ ಬಾಯಿಟ್ಟು ಜಗಳ ಆಡಿದೆ. "ನಿಂಗೆ ಅಲ್ಲಿ ನಾಯಿಗೇನು ಬರ ಬಂದೈತಾ? ನಮ್ ಸೇಟು ಅಲ್ಲೇ ಅವ್ನೆ, ಅವ್ನ ಜೊತೆ ಆಡ್ಕೋ. ನಂಗಿರೋದು ಇದೊಂದೇ ಕಣವ್ವ. ಹೋಗು ತಾಯಿ, ಹೋಗು." ಬಾಗಿಲಾಚೆ ಏನಾಯಿತೋ ನನಗೆ ತಿಳಿಯಲಿಲ್ಲ. ಬೆಳಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಹೆಜ್ಜೆಗಳಿದ್ದವು. ಬಲಹಿಮ್ಮಡಿಯ ಗುರುತು ಒಂದರ ಮೇಲೊಂದು ಬಿದ್ದು, ಕಲ್ಲಿನ ಆ ಜಾಗದಲ್ಲಿ ಹಿಟ್ಟೇ ಉಳಿದಿರಲಿಲ್ಲ.

ಕೂಸಿಗೆ ಹಟ ಇದ್ದರೆ ನನಗೂ ಇತ್ತು. ನನ್ನನ್ನು ಸೋಲಿಸಿದ್ದು ತವುಡಿ. ಅದು ಬರಿಕಲ್ಲಿನ ಮೇಲೆಯೇ ಯಾಕೆ ಮಲಗುತ್ತದೆ, ಗದ್ದವನ್ನು ಯಾಕೆ ಹಾಗೆ ಒತ್ತಿಕೊಂಡಿರುತ್ತದೆ ಎಂಬುದು ಈಗ ನನಗೆ ಗೊತ್ತಿತ್ತು. ಗಿರಣಿಯ ನಡುಕದ ಅಡಿಯಲ್ಲಿ ಅದು ಆ ಒಂದು ಗುದ್ದನ್ನು ಹುಡುಕುತ್ತಿತ್ತು. ಇಡೀ ಸಂಜೆ, ಕಣ್ಣ ರೆಪ್ಪೆ ಮಿಟುಕಿಸದೆ. ನಾಯಿಮನೆಯಲ್ಲೂ ಹಾಗೇ ಮಲಗಿತ್ತಲ್ಲ. ಜೀವಮಾನವೆಲ್ಲ ಅದು ಹೀಗೆ ಹುಡುಕಿದೆ, ನಾವೆಲ್ಲ ಸೇರಿ ಗದ್ದಲ ಮಾಡಿದ್ದೇವೆ. ಅಂಬಲಿ ಕುಡಿಯುವುದನ್ನೂ ಅದು ಕಡಿಮೆ ಮಾಡಿತ್ತು. ಇನ್ನು ಬಹಳ ದಿನ ಇಲ್ಲ ಎಂದು ನನಗೂ ಕಾಣುತ್ತಿತ್ತು. ನನ್ನ ಕಣ್ಣೆದುರು ಸತ್ತರೆ ನನಗೆ ಒಂದು ಗುಂಡಿ ತೋಡುವ ಕೆಲಸ ಸಿಗುತ್ತದೆ. ಆ ಕೂಸು ಮಾತ್ರ ಖಾಲಿ ಮನೆಯ ಬಾಗಿಲಲ್ಲಿ ಕಾಲು ಗುದ್ದುತ್ತಲೇ ಇರುತ್ತದೆ.

"ನಾಳೆ ಸಂಜೆ ಗಿರಣಿ ಇಲ್ಲ," ಎಂದು ಬೀದಿಗೆಲ್ಲ ಹೇಳಿದೆ. ಒಬ್ಬೊಬ್ಬರೇ ಬಂದು ಕೂಗಾಡಿದರು. ದೊಡ್ಡತಾಯಮ್ಮ ಕೊನೆಯಲ್ಲಿ ಬಂದಳು. "ನನ್ ಗಂಡನ ದನಿ ನಂಗೆ ಕೇಳಿಸ್ತೀಯೇನೇ?" ಎಂದು ಜೋರು ಮಾಡಿದಳು. ಎಲ್ಲ ಹೇಳಿದೆ. ಅವಳು ನನ್ನ ಪಕ್ಕ ಕೂತು ಸೆರಗಿನ ಚುಂಗು ಸುತ್ತುತ್ತ, "ನಾನಾಗಿದ್ರೆ ಬುಡ್ತಿರ್ಲಿಲ್ಲ ಕಣೇ," ಎಂದಳು. "ನಮ್ ನಾಯೀನ ಯಾಕೆ ಕಟ್ಟಾಕ್ತೀನಿ ಅಂದ್ಕೊಂಡೆ? ಅದು ಹೋದ್ರೆ ಆವಯ್ಯನ ದನೀನೂ ನಿಂತೋಯ್ತದೆ. ಒಂದೊಂದ್ಸಲ ಕಿವಿ ಮುಚ್ಕೊಂಡು, ಬೆರಳು ಒಂದೀಟು ಸಡಿಲ ಬುಡ್ತೀನಿ." ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು, ಅದರಲ್ಲಿ ಮುಚ್ಚುಮರೆ ಏನು.

ಮಾರನೇ ಸಂಜೆ ಇದ್ದ ಅಕ್ಕಿಯನ್ನೆಲ್ಲ ಬೀಸಿ ಮುಗಿಸಿ, ಹೊತ್ತು ಇಳಿಯುವಾಗ ಸ್ವಿಚ್ಚು ಆರಿಸಿದೆ. ಕಲ್ಲು ನಿಂತಿತು. ಗಾಳಿಯಲ್ಲಿದ್ದ ಹಿಟ್ಟು ನಿಧಾನವಾಗಿ ನೆಲಕ್ಕೆಲ್ಲ ಇಳಿಯಿತು. ತವುಡಿಗೆ ಬೆಲ್ಲ ಹಾಕಿ ಅಂಬಲಿ ಕುಡಿಸಿದೆ, ಅವತ್ತು ಪೂರ್ತಿ ಕುಡಿಯಿತು. ಕಿವಿಯ ಹಿಂದೆ ಕೆರೆದೆ. ಆಮೇಲೆ ಹಿತ್ತಲ ಬಾಗಿಲಿನ ಅಗುಳಿ ತೆಗೆದು ಎರಡೂ ಕದ ತೆರೆದಿಟ್ಟೆ. ಹೊರಗೆ ಏರಿ ಕಪ್ಪಾಗುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಕೆರೆಯಾಚೆಯ ದನಿಗಳು ಶುರುವಾದವು. ಬೀದಿಯ ಕಡೆಯಿಂದ ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು. ಆಮೇಲೆ ಧಪ್ ಎಂದಿತು.

ತವುಡಿ ಎದ್ದು ಹೊಸ್ತಿಲ ತನಕ ಹೋಗಿ ನಿಂತಿತು. ನಿಂತು, ಕತ್ತು ತಿರುಗಿಸಿ ನನ್ನನ್ನು ನೋಡಿತು. ಬಾಲ ಆಡುತ್ತಿತ್ತು, ಕಾಲು ಮಾತ್ರ ಮುಂದಿಡಲಿಲ್ಲ. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿತ್ತು. ಅಯ್ಯೋ ಶಿವನೇ, ಒಂದು ಸಲ, ಒಂದೇ ಒಂದು ಸಲ ನಾನು ಹಿಮ್ಮಡಿ ಊರಿದ್ದರೆ ಅದು ವಾಪಸು ಬರುತ್ತಿತ್ತು. ಬಂದು ಮೊಣಕಾಲಿಗೆ ಮೂತಿ ಒರಸುತ್ತಿತ್ತು. ನನ್ನ ಕಾಲುಗಳ ಮೇಲೆ ನನಗೇ ನಂಬಿಕೆ ಇರಲಿಲ್ಲ. ಜೋಳದ ದೊಡ್ಡ ಪೆಟ್ಟಿಗೆಯ ಮೇಲೆ ಹತ್ತಿ ಕೂತು, ಎರಡೂ ಕಾಲನ್ನು ಮೇಲಕ್ಕೆತ್ತಿ ಮಡಚಿಕೊಂಡೆ. ನನ್ನ ಕಡೆಯಿಂದ ನೆಲಕ್ಕೆ ಇರುವೆಯ ಹೆಜ್ಜೆಯಷ್ಟೂ ಅದುರು ಹೋಗಬಾರದು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದೆ. ಮತ್ತೊಂದು ಗುದ್ದು ಬಂತು. ಆಮೇಲೆ ಬರಲಿಲ್ಲ. ಕಲ್ಲಿನ ಮೇಲೆ ಉಗುರಿನ ಸದ್ದು ಆಯಿತು, ಎಲ್ಲಿ ಹೋಯಿತು ಎಲ್ಲಿ ಬಂತು ಎಂದು ತಿಳಿಯಲಿಲ್ಲ. ಒಂದು ಗಳಿಗೆ ನನ್ನ ಮುಖದ ಹತ್ತಿರ ಪಾಚಿಯ ವಾಸನೆ ಬಂದು, ಒದ್ದೆ ಬಟ್ಟೆ ಸೋಕಿದಂತೆ ತಣ್ಣಗಾಯಿತು. ನಾನು ಕಣ್ಣು ತೆರೆಯಲಿಲ್ಲ. ಹೆದರಿಕೆಯಿಂದ ತೆರೆಯಲಿಲ್ಲ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ದನಿಗಳೆಲ್ಲ ಅಡಗಿದ ಮೇಲೂ ಅಲ್ಲೇ ಕೂತೆ, ಕೂತಲ್ಲೇ ತೂಕಡಿಸಿದೆ.

ಬೆಳಕು ಹರಿದಾಗ ನೋಡಿದೆ. ನೆಲದ ಹಿಟ್ಟಿನ ಮೇಲೆ ಎಲ್ಲವೂ ಇತ್ತು. ತವುಡಿಯ ಹೆಜ್ಜೆ ಹೊಸ್ತಿಲಿಗೆ ಹೋಗಿತ್ತು, ಹೋದದ್ದು ತಿರುಗಿ ನಾನು ಕೂತಿದ್ದ ಪೆಟ್ಟಿಗೆಯ ಬುಡಕ್ಕೆ ಬಂದಿತ್ತು, ಅಲ್ಲಿ ಸುಮಾರು ಹೊತ್ತು ನಿಂತು, ಆಮೇಲೆ ಹೊರಟಿತ್ತು. ಅದರ ಪಕ್ಕಪಕ್ಕಕ್ಕೆ ಆ ಚಿಕ್ಕ ಪಾದಗಳೂ ಒಳಗೆ ಬಂದಿದ್ದವು. ಪೆಟ್ಟಿಗೆಯ ಬುಡದಲ್ಲಿ ನನ್ನ ಕಡೆ ಮುಖ ಮಾಡಿ ನಿಂತಿದ್ದವು. ನಾನು ಇಳಿದು, ಬಗ್ಗಿ ಹುಡುಕಿದೆ. ಅಷ್ಟು ದಿನ ನನ್ನ ಮೆಟ್ಟಿಲ ಮೇಲೆ ಗುದ್ದಿದ್ದ ಹಿಮ್ಮಡಿಯ ಗುರುತು ಒಳಗೆ ಎಲ್ಲೂ ಇರಲಿಲ್ಲ. ಬರೀ ಬೆರಳುಗಳು. ಬಂದದ್ದೂ ಹೋದದ್ದೂ ತುದಿಗಾಲಲ್ಲಿ.

ಮುಂದಿನ ಬಾಗಿಲು ಬಡಿದ ಸದ್ದಾಯಿತು. ದೊಡ್ಡತಾಯಮ್ಮ, ಕೈಯಲ್ಲಿ ರಾಗಿಯ ಡಬ್ಬ. ಒಳಗೆ ಕಾಲಿಡುವುದರಲ್ಲಿದ್ದವಳನ್ನು ತಡೆದೆ. "ಅಲ್ಲೇ ನಿಂತ್ಕೋ ಅಕ್ಕಾ. ಇವತ್ತು ನಾನು ಕಸ ಗುಡ್ಸಲ್ಲ."